ಐದನೇ ಅಟ್ಟಿ

ಕಟ್ಟಡದ ಕೆಲಸದಲ್ಲಿ ನೆಲದ ಮೇಲೆ ನಿಂತು ಇಟ್ಟಿಗೆ ಎಸೆಯುವವನಿಗೆ ಕೆಳಗೈ ಎನ್ನುತ್ತಾರೆ, ಮೇಲೆ ಸಾರುವೆಯ ಹಲಗೆಯ ಮೇಲೆ ನಿಂತು ಹಿಡಿಯುವವರಿಗೆ ಮೇಲ್ಗೈ. ಅವಳು ಹತ್ತೊಂಬತ್ತು ವರ್ಷದಿಂದ ಮೇಲ್ಗೈ. ಕೆಳಗೈ ಅವಳ ಗಂಡನ ಅಣ್ಣ. ಇಬ್ಬರೂ ಸೇರಿ ದಿನಕ್ಕೆ ಸಾವಿರದೈನೂರು ಇಟ್ಟಿಗೆ ಏರಿಸುತ್ತಿದ್ದರು. ಒಂಬತ್ತು ವರ್ಷದಿಂದ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ.

ಮಾತು ನಿಂತದ್ದು ಅತ್ತೆ ಸತ್ತ ದಿನ. ಮುದುಕಿ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದು ಮಲಗಿದ್ದು ಇವಳ ಮನೆಯಲ್ಲೇ. ದೊಡ್ಡ ಸೊಸೆ ಒಂದು ವಾರಕ್ಕೂ ಕರೆದುಕೊಂಡು ಹೋಗಲಿಲ್ಲ. ಅವಳಿಗೆ ಸೊಂಟನೋವಂತೆ, ಸಂತೆಗೆ ಹೋಗುವಾಗ ಮಾತ್ರ ಬಿಡುವ ಸೊಂಟನೋವು. ಒಂದು ಮಧ್ಯಾಹ್ನ ಇವಳು ಕೆಲಸದಲ್ಲಿದ್ದಾಗ ಮುದುಕಿ ಮಂಚದಿಂದ ಬಿದ್ದಳು, ಮೂರನೇ ದಿನ ಹೋದಳು. ಹೆಣ ಇನ್ನೂ ಮನೆಯೊಳಗಿರುವಾಗಲೇ, ಬಂದವರೆಲ್ಲರ ಎದುರಿಗೆ, ಭಾವ ಬಾಯಿ ಬಿಟ್ಟ. "ಕೆಲಸದ ನೆಪ ಹೇಳಿ ಅಮ್ಮನ್ನ ಒಬ್ಬಳನ್ನೇ ಬಿಟ್ಟು ಕೊಂದಳು." ಮುದುಕಿ ಬಿದ್ದ ಹೊತ್ತಿಗೆ ಇವಳು ಎಲ್ಲಿದ್ದಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಎಸೆದ ಇಟ್ಟಿಗೆಯನ್ನೇ ಅವಳು ಹಿಡಿಯುತ್ತಿದ್ದಳು. ಅವಳು ಗಂಡನ ಮುಖ ನೋಡಿದಳು. ಗೋಡೆಗೆ ಬಣ್ಣ ಬಳಿಯುವ ಆ ಮನುಷ್ಯ ಹುಟ್ಟಾ ಕೋಲೆ ಬಸವ. ಅಣ್ಣನ ಮಾತಿಗೂ ತಲೆಯಾಡಿಸಿದ, ಹೆಂಡತಿಯ ಕಣ್ಣಿಗೂ ತಲೆಯಾಡಿಸಿದ.

ಅಷ್ಟಾದ ಮೇಲೂ ಜೋಡಿ ಏಕೆ ಒಡೆಯಲಿಲ್ಲ ಎಂದರೆ, ಮೊದಲು ಬಿಟ್ಟು ಹೋದವರು ಸೋತಂತೆ. ಅವನು ಹೋಗಲಿ ಎಂದು ಇವಳು ಕಾದಳು, ಇವಳು ಹೋಗಲಿ ಎಂದು ಅವನು ಕಾದ. ಎಣ್ಣೆ ಸೀಗೆಕಾಯಿ ಎರಡೂ ಒಂದೇ ಬಟ್ಟಲಲ್ಲಿ ಒಂಬತ್ತು ವರ್ಷ ಕುಳಿತವು. ಮೇಸ್ತ್ರಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಮಾತಾಡದ ಆಳು ಕೆಲಸ ಹೆಚ್ಚು ಮಾಡುತ್ತದೆ ಎಂಬುದು ಅವನ ಅನುಭವ.

ಇಟ್ಟಿಗೆ ಎಸೆಯುವುದು ಜೋರಿನ ಕೆಲಸವೆಂದು ದಾರಿಯಲ್ಲಿ ನಿಂತು ನೋಡುವವರು ತಿಳಿಯುತ್ತಾರೆ. ತೋಳಲ್ಲಿ ಕಸುವಿರುವ ಯಾವ ಕತ್ತೆಯೂ ಎಸೆಯಬಹುದು. ಇಟ್ಟಿಗೆ ಮೇಲೇರಿ, ಏರುವ ಕಸುವು ತೀರಿ, ಇನ್ನೇನು ಇಳಿಯಬೇಕು ಎನ್ನುವ ಗಳಿಗೆಯಲ್ಲಿ ಮೇಲ್ಗೈಯ ಅಂಗೈ ಅದರ ಅಡಿಗಿರಬೇಕು. ಅಷ್ಟು ಎತ್ತರಕ್ಕೆ ಅಷ್ಟೇ ಜೋರು ಹಾಕುವುದು ಕೆಳಗೈಯ ವಿದ್ಯೆ. ಹಾಗೆ ಬಂದದ್ದಕ್ಕೆ ಸತ್ತ ಇಟ್ಟಿಗೆ ಎನ್ನುತ್ತಾರೆ, ಅದು ಕೈಯಲ್ಲಿ ತಾನಾಗಿ ಮಲಗುತ್ತದೆ. ಒಂದಿಷ್ಟು ಜೋರು ಉಳಿಸಿಕೊಂಡು ಬಂದರೆ ಅದಕ್ಕೆ ಜೀವ ಇದೆ ಎಂದರ್ಥ, ಜೀವದ ಇಟ್ಟಿಗೆ ಬೆರಳು ಮುರಿಯುತ್ತದೆ. ಕೆಳಗೆ ನಿಂತವರ ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ತಿಳಿಯುವುದು ಹಳೆಯ ಟ್ಯೂಬಿನ ರಬ್ಬರು ಕಟ್ಟಿಕೊಂಡ ಮೇಲ್ಗೈಯ ಅಂಗೈಗೆ ಮಾತ್ರ.

ಬೇರೆ ಜೋಡಿಗಳು ಹೋ ಎಂದು ಕೂಗಿ ಎಸೆಯುತ್ತವೆ. ಇವರ ನಡುವೆ ಆ ಕೂಗೂ ಇರಲಿಲ್ಲ. ಅವನು ಇಟ್ಟಿಗೆಯನ್ನು ಪಕ್ಕದಲ್ಲಿ ಒಟ್ಟಿದ ಅಟ್ಟಿಯ ಮೇಲೆ ಒಮ್ಮೆ ತಟ್ಟುತ್ತಿದ್ದ, ಅವಳು ಅಂಗೈ ಚಾಚುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವನು ಒಂದೇ ಒಂದು ಜೀವದ ಇಟ್ಟಿಗೆ ಎಸೆದಿರಲಿಲ್ಲ. ಅದು ಪ್ರೀತಿಯಲ್ಲವೆಂದು ಅವಳಿಗೆ ಗೊತ್ತಿತ್ತು, ಜಂಬ. ನಿನ್ನ ಮೇಲಿನ ಸಿಟ್ಟು ನನ್ನ ಕೆಲಸವನ್ನು ಮುಟ್ಟಲಾರದು ಎಂದು ಅವನು ದಿನಕ್ಕೆ ಸಾವಿರದೈನೂರು ಸಲ ಹೇಳುತ್ತಿದ್ದ. ಒಂದನ್ನೂ ಕೈಬಿಡದೆ ಅವಳೂ ಅದನ್ನೇ ಹೇಳುತ್ತಿದ್ದಳು.

ಆ ವರ್ಷ ಅವರು ಕಟ್ಟುತ್ತಿದ್ದದ್ದು ನಿವೃತ್ತ ಪ್ರೊಫೆಸರೊಬ್ಬರ ಮನೆ. ಮನೆ ಕಟ್ಟಿಸುವವರು ಸಾಮಾನ್ಯವಾಗಿ ಸಿಮೆಂಟಿನ ಚೀಲ ಎಣಿಸುತ್ತಾರೆ. ಈ ಪುಣ್ಯಾತ್ಮರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಕೊಡೆ ಹಿಡಿದು, ಗಾಳಿಯಲ್ಲಿ ಹಾರುವ ಇಟ್ಟಿಗೆ ನೋಡುತ್ತ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದರು. ಎಸೆದ ವಸ್ತು ಕೈ ಬಿಟ್ಟ ಮೇಲೂ ಏಕೆ ಹೋಗುತ್ತದೆ ಎಂದು ಹಿಂದಿನವರು ಏನೇನು ಹೇಳಿದರು ಎಂಬ ಬಗ್ಗೆ ಅವರೊಂದು ಪುಸ್ತಕ ಬರೆಯುತ್ತಿದ್ದರಂತೆ. ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಮೇಸ್ತ್ರಿಯಿಂದ ಹಿಡಿದು ಮರಳು ಜರಡಿ ಹಿಡಿಯುವವಳವರೆಗೆ ಎಲ್ಲರೂ ಕೇಳಿಕೊಂಡಿದ್ದರು, ಅವರಿಗೆ ಕೇಳಿಸದ ಹಾಗೆ.

ಒಂದು ದಿನ ಅವಳು ನೀರು ಕುಡಿಯಲು ಇಳಿದಾಗ ಅವರು ಹಿಡಿದು ನಿಲ್ಲಿಸಿದರು.

"ಏನಮ್ಮ, ಇಟ್ಟಿಗೆ ಮೇಲಕ್ಕೆ ಬಂದು ಕೆಳಗೆ ಇಳಿಯೋ ಮುಂಚೆ ಒಂದು ಕ್ಷಣ ನಿಲ್ಲುತ್ತಾ, ಇಲ್ವಾ?"

"ನಿಲ್ಲುತ್ತೆ ಸಾರ್. ನಿಲ್ಲದೇ ಇದ್ರೆ ನಾನು ಹಿಡಿಯೋದು ಹೇಗೆ?"

"ಇದಕ್ಕೆ ದೊಡ್ಡ ದೊಡ್ಡ ಪಂಡಿತರು ನೂರಾರು ವರ್ಷ ಜಗಳ ಆಡಿದ್ದಾರೆ. ನಿಲ್ಲುತ್ತೆ ಅಂತ ಕೆಲವರು, ನಿಲ್ಲೋಕೆ ಸಾಧ್ಯವೇ ಇಲ್ಲ ಅಂತ ಕೆಲವರು."

"ಅವರಲ್ಲಿ ಒಬ್ಬರಾದ್ರೂ ಮೇಲೆ ಹತ್ತಿ ನೋಡಿದ್ರಾ?"

ಪ್ರೊಫೆಸರು ನಗುತ್ತ ಅದನ್ನೂ ಬರೆದುಕೊಂಡರು. ಅವಳಿಗೆ ಮೈ ಉರಿಯಿತು. ತನ್ನ ಮಾತನ್ನು ಯಾರಾದರೂ ಬರೆದುಕೊಂಡರೆ ಅದರಿಂದ ಒಳ್ಳೆಯದಾದ ನೆನಪು ಅವಳಿಗಿರಲಿಲ್ಲ.

ಇನ್ನು ಆ ದಿನದ ಕತೆ. ಇಟ್ಟಿಗೆಯನ್ನು ಗಾರೆಗೆ ಇಡುವ ಮುಂಚೆ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿ ಗೋಡೆ ಟೊಳ್ಳಾಗುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪೈಪು ಹಿಡಿದು ಅಟ್ಟಿಗಳನ್ನು ನೆನೆಸುವುದು ಅವಳ ಪಾಲಿನ ಕೆಲಸ. ಆವತ್ತು ಐದು ಅಟ್ಟಿ ಇದ್ದವು. ನಾಲ್ಕು ನೆನೆಸಿ ಐದನೆಯದಕ್ಕೆ ತಿರುಗುವಷ್ಟರಲ್ಲಿ ಭಾವ ಬಂದ. ಗೋಡೆಯಲ್ಲಿದ್ದ ಒಂದೇ ಮೊಳೆಗೆ ಅವಳ ಊಟದ ಚೀಲ ತೂಗುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಇಡುವಂತೆ ನೆಲಕ್ಕಿಟ್ಟು, ತನ್ನ ಚೀಲ ತೂಗುಹಾಕಿದ. ಅವಳು ನಲ್ಲಿ ನಿಲ್ಲಿಸಿದಳು. ಎಸೆಯುವವನು ಅವನೇ, ಐದನೆಯದನ್ನು ಬೇಕಾದರೆ ಅವನೇ ನೆನೆಸಿಕೊಳ್ಳಲಿ ಎಂದುಕೊಂಡು ಪೈಪು ಸುತ್ತಿಟ್ಟು ಮೇಲೆ ಹತ್ತಿದಳು. ಹತ್ತಿದ ಮೇಲೆ ಮರೆತಳು.

ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಅಟ್ಟಿ ಮುಗಿದವು. ಅವನು ಐದನೆಯದರಿಂದ ಮೊದಲ ಇಟ್ಟಿಗೆ ತೆಗೆದು ತಟ್ಟಿದ, ಎಸೆದ. ಅವಳು ಎಂದಿನಂತೆ ಅವನ ಕೈ ನೋಡಿ ಅಂಗೈ ಚಾಚಿದಳು. ಇಟ್ಟಿಗೆ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಜೀವಸಮೇತ ಬಂದು ಎಡಗೈಯ ಎರಡು ಬೆರಳನ್ನು ಹಿಂದಕ್ಕೆ ಮಡಚಿ, ಕತ್ತಿನ ಬುಡದ ಮೂಳೆಗೆ ಬಡಿದು ಕೆಳಗೆ ಬಿತ್ತು. ಸಾರುವೆಯ ಕಂಬ ಬೆನ್ನಿಗೆ ಸಿಕ್ಕಿದ್ದರಿಂದ ಅವಳು ಬೀಳಲಿಲ್ಲ. ನೋವಿಗಿಂತ ಮೊದಲು ಅವಳಿಗೆ ಬಂದದ್ದು ಒಂದೇ ಯೋಚನೆ: ಕೊನೆಗೂ ಎಸೆದುಬಿಟ್ಟ.

ಗಾಯಕ್ಕೆ ಬಟ್ಟೆ ಸುತ್ತುತ್ತಿರುವಾಗಲೇ ಮೇಸ್ತ್ರಿ ಕೇಳಿದ, "ಏನಾಯ್ತಯ್ಯ?"

"ಗಾಳಿ ಬಂತು," ಎಂದ ಭಾವ.

ಒಣಗಲು ಹಾಕಿದ್ದ ಸಿಮೆಂಟಿನ ಖಾಲಿ ಚೀಲಗಳು ಇದ್ದಲ್ಲೇ ಬಿದ್ದಿದ್ದವು. ಒಂದು ಎಲೆ ಅಲುಗಿರಲಿಲ್ಲ.

"ಬೇಕಂತಲೇ ಎಸೆದಿದ್ದು," ಎಂದಳು ಅವಳು, ಮೇಸ್ತ್ರಿಯ ಮುಖ ನೋಡಿಕೊಂಡು. "ಒಂಬತ್ತು ವರ್ಷದಿಂದ ಕಾಯ್ತಾ ಇದ್ರು."

ಪ್ರೊಫೆಸರು ಕುರ್ಚಿಯಿಂದ ಎದ್ದು ಬಂದರು. ಪಾಪ, ಅವರಿಗೆ ಇದು ಒಂದು ಹೆಂಗಸಿನ ಕೈ, ಒಬ್ಬ ಗಂಡಸಿನ ಅನ್ನ ಎಂದು ಕಾಣಲಿಲ್ಲ, ತಮ್ಮ ಪುಸ್ತಕದ ಪುಟವೇ ನಡೆದು ಬಂದಂತೆ ಕಂಡಿತು. "ನೋಡಪ್ಪ," ಎಂದರು ಭಾವನಿಗೆ, "ನೀನು ಹೇಳೋದನ್ನ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಒಬ್ಬ ಮಹಾಪಂಡಿತನೂ ಹೇಳಿದ್ದ. ಎಸೆಯೋ ಕೈ ಸುತ್ತಲಿನ ಗಾಳಿಗೂ ನೂಕೋ ಶಕ್ತಿ ಕೊಡುತ್ತೆ, ಕೈ ಬಿಟ್ಟ ಮೇಲೆ ಆ ಗಾಳಿನೇ ಕಲ್ಲನ್ನ ನೂಕಿಕೊಂಡು ಹೋಗುತ್ತೆ ಅಂತ."

ಭಾವನ ಮುಖದಲ್ಲಿ ಸ್ವಲ್ಪ ಬಣ್ಣ ಬಂತು. ಪಂಡಿತನೇ ಸಾಕ್ಷಿಗೆ ಬಂದಿದ್ದ.

"ಆದ್ರೆ ಅವನಾದ ಎಂಟೊಂಬತ್ತು ನೂರು ವರ್ಷಕ್ಕೆ ಇನ್ನೊಬ್ಬ ಕೇಳಿದ," ಎಂದು ಪ್ರೊಫೆಸರು ಮುಂದುವರಿಸಿದರು. "ಗಾಳಿಗೆ ಅಷ್ಟು ಸಾಮರ್ಥ್ಯ ಇದ್ರೆ ಕೈ ಯಾಕೆ ಬೇಕು? ಕಲ್ಲನ್ನ ಒಂದು ಕೋಲಿನ ತುದಿಗೆ ಇಟ್ಟು ಹಿಂದಿನಿಂದ ಕುಲುಮೆಯ ತಿದಿ ಒತ್ತಿ, ಹಾರುತ್ತಾ ನೋಡೋಣ ಅಂತ. ಹಾರಲ್ಲ. ಕೈಯಲ್ಲಿರೋ ಜೋರು ಕಲ್ಲಿನ ಒಳಗೇ ಇಳಿಯುತ್ತೆ, ತೀರೋವರೆಗೂ ಅದೇ ನಡೆಸುತ್ತೆ. ಬಾಣದ ವಿಷಯದಲ್ಲಿ ಹಳೇ ತರ್ಕದವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, ಅದಕ್ಕೆ ಅವರು ವೇಗ ಅಂತ ಕರೆದ್ರು. ಅಂದ್ರೆ ಆ ಇಟ್ಟಿಗೆಯಲ್ಲಿ ಏನಿತ್ತೋ ಅದು ನಿನ್ನ ಕೈ ಹಾಕಿದ್ದು."

ಮೇಸ್ತ್ರಿಗೆ ಇದರಲ್ಲಿ ಕೊನೆಯ ವಾಕ್ಯ ಮಾತ್ರ ಅರ್ಥವಾಯಿತು, ಅವನಿಗೆ ಬೇಕಾಗಿದ್ದೂ ಅಷ್ಟೇ. ಮನೆ ಕಟ್ಟಿಸುವವರೇ ತೀರ್ಪು ಕೊಟ್ಟ ಮೇಲೆ ಅವನದೇನಿದೆ. "ನಾಳೆಯಿಂದ ಬರಬೇಡ," ಎಂದ. ಭಾವ ಮೊಳೆಯಿಂದ ಚೀಲ ತೆಗೆದುಕೊಂಡು ಹೋದ. ವಾರದೊಳಗೆ ಮಾತು ಬೇರೆ ಮೇಸ್ತ್ರಿಗಳ ಕಿವಿಗೂ ಬಿತ್ತು. ಬೆರಳು ಮುರಿಯುವ ಕೆಳಗೈಯನ್ನು ಯಾರು ಕರೆಯುತ್ತಾರೆ? ಮೂವತ್ತು ವರ್ಷ ಇಟ್ಟಿಗೆ ಬಿಟ್ಟು ಬೇರೆ ಏನನ್ನೂ ಮುಟ್ಟದವನು ಮನೆಯಲ್ಲಿ ಕುಳಿತ.

ಅವಳು ಸಂತೋಷಪಟ್ಟಳು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಸತ್ತ ಅತ್ತೆಯ ಎದುರು ಅವನು ಆಡಿದ ಮಾತಿಗೆ ಕೊನೆಗೂ ಜನರ ಮುಂದೆ ಉತ್ತರ ಸಿಕ್ಕಿತ್ತು. ಎಡಗೈಗೆ ಆರು ವಾರ ಪಟ್ಟಿ. ಬಲಗೈಯಲ್ಲಿ ಪೈಪು ಹಿಡಿಯಬಹುದಾದ್ದರಿಂದ ಮೇಸ್ತ್ರಿ ಅವಳನ್ನು ನೀರಿನ ಕೆಲಸಕ್ಕೇ ಹಾಕಿದ. ಇಟ್ಟಿಗೆಗೆ ಹೊಸ ಜೋಡಿ ಬಂತು. ಹೊಸ ಕೆಳಗೈ ಬಹಳ ಒಳ್ಳೆಯವನು, ಎಲ್ಲರನ್ನೂ ಅಕ್ಕ ಅಣ್ಣ ಎಂದು ಬಾಯ್ತುಂಬ ಕರೆಯುವವನು, ಎಸೆಯುವಾಗಲೂ ನಗುವವನು. ಅವನ ಇಟ್ಟಿಗೆ ಮಾತ್ರ ಒಂದು ಮೊಳಕಾಲಿಗೆ ಬಂದರೆ ಒಂದು ಮೂಗಿಗೆ ಬರುತ್ತಿತ್ತು. ಮೇಲೆ ನಿಂತವನು ದಿನವಿಡೀ ಬೈಯುತ್ತ ಕುಣಿಯುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಅವಳ ಸಂತೋಷ ಒಂದಿಷ್ಟು ಕಡಿಮೆಯಾಗುತ್ತಿತ್ತು, ಏಕೆಂದು ಅವಳು ಯೋಚಿಸಲು ಹೋಗಲಿಲ್ಲ.

ನಾಲ್ಕನೇ ವಾರ ಪ್ರೊಫೆಸರು ಕುರ್ಚಿಯನ್ನು ನಲ್ಲಿಯ ಹತ್ತಿರಕ್ಕೇ ಎಳೆದುಕೊಂಡು ಕುಳಿತರು. ಈಗ ಅವಳು ಎಲ್ಲಿಗೂ ಹತ್ತಿ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಕಲ್ಲನ್ನ ಎಸೆದ್ರೆ ದೂರ ಹೋಗುತ್ತೆ, ಹಕ್ಕಿಪುಕ್ಕ ಎಸೆದ್ರೆ ಮುಂದೇನೇ ಬೀಳುತ್ತೆ. ಯಾಕೆ ಹೇಳು?"

"ನಂಗೇನು ಗೊತ್ತು ಸಾರ್."

"ಆರುನೂರೈವತ್ತು ವರ್ಷದ ಹಿಂದೆ ಒಬ್ಬ ಹೇಳಿದ. ಯಾವುದರಲ್ಲಿ ಸರಕು ಹೆಚ್ಚಿದೆಯೋ ಅದು ಕೈಯ ಜೋರನ್ನ ಹೆಚ್ಚು ಹಿಡಿದಿಟ್ಟುಕೊಳ್ಳುತ್ತೆ. ಭಾರ ಇದ್ದಷ್ಟೂ ಹೆಚ್ಚು ಹಿಡಿಯುತ್ತೆ."

ಅವಳ ಬಲಗೈಯಲ್ಲಿ ಆಗಷ್ಟೇ ನೆಂದ ಇಟ್ಟಿಗೆಯೊಂದಿತ್ತು. ಕಾಲ ಬಳಿ ನೀರು ಸೋಕದ ಇಟ್ಟಿಗೆಗಳು. ಇದನ್ನಿಟ್ಟು ಅದನ್ನೆತ್ತಿದಳು, ಅದನ್ನಿಟ್ಟು ಇದನ್ನೆತ್ತಿದಳು. ಅವಳ ಕೈ ನಿಧಾನವಾಯಿತು.

"ಹಾಗಾದ್ರೆ ಸಾರ್, ಒಂದೇ ಕೈ, ಒಂದೇ ಜೋರು. ನೆಂದ ಇಟ್ಟಿಗೆ ಮೇಲೆ ಹೋಗುತ್ತಾ, ಒಣ ಇಟ್ಟಿಗೆ ಮೇಲೆ ಹೋಗುತ್ತಾ?"

"ಅವನ ಪ್ರಕಾರ ಭಾರದ್ದೇ... ಇರು, ಇರು," ಎಂದು ಪ್ರೊಫೆಸರು ನೋಟ್‌ಬುಕ್ಕಿನ ಪುಟ ತಿರುವತೊಡಗಿದರು.

ಅವಳು ಕಾಯಲಿಲ್ಲ. ಗಿಲಾವು ಮಾಡದ ಗೋಡೆಯ ಮುಂದೆ ನಿಂತು, ಬಲಗೈಯೊಂದರಲ್ಲೇ ನೆಂದದ್ದನ್ನು ಮೇಲಕ್ಕೆ ಬೀಸಿದಳು. ಹನ್ನೊಂದನೇ ಸಾಲಿನವರೆಗೆ ಹೋಗಿ ಬಿತ್ತು. ಒಣಗಿದ್ದನ್ನು ಬೀಸಿದಳು. ಮೊದಲ ಎರಡು ಸಲ ಕೈ ತಾನಾಗಿಯೇ ತಗ್ಗಿತು, ಅವನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಹಟ ಹಿಡಿದು ಅದೇ ಜೋರಿನಲ್ಲಿ ಬೀಸಿದಾಗ ಹದಿಮೂರನೇ ಸಾಲು ಮುಟ್ಟಿತು. ಹತ್ತು ಸಲ ಮಾಡಿದಳು. ಹತ್ತು ಸಲವೂ ಒಣಗಿದ್ದೇ ಮೇಲೆ ಹೋಯಿತು. ಪ್ರೊಫೆಸರು ಎದ್ದುನಿಂತು ಏನೇನೋ ಕೇಳುತ್ತಿದ್ದರು. ಅವಳಿಗೆ ಐದನೇ ಅಟ್ಟಿ ಕಣ್ಣಿಗೆ ಕಟ್ಟಿತ್ತು. ಮೊಳೆ, ನೆಲಕ್ಕಿಳಿದ ಚೀಲ, ತಾನು ಸುತ್ತಿಟ್ಟ ಪೈಪು, ಎಲ್ಲ ಒಂದರ ಹಿಂದೊಂದು ಬಂದವು.

ತನ್ನ ಬೆರಳು ಮುರಿದದ್ದು ತಾನೇ. ಮಾಡಿದ್ದುಣ್ಣೋ ಮಹರಾಯ. ಆದರೆ ಉಣ್ಣುತ್ತಿದ್ದವನು ಅವನು.

ಎರಡು ದಿನ ಅವಳು ಇದನ್ನು ನುಂಗಿಕೊಂಡು ಓಡಾಡಿದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅವನು ಅನುಭವಿಸಲಿ, ಅತ್ತೆಯ ಹೆಣದ ಮುಂದೆ ಸುಳ್ಳು ಹೇಳಿದವನಲ್ಲವೇ ಎಂದು ಒಂದು ಮನಸ್ಸು. ಅಲ್ಲಿಗೇ ಸಿಕ್ಕಿಬೀಳುತ್ತಿದ್ದಳು. ಅವನು ಆವತ್ತು ಮಾಡಿದ್ದನ್ನೇ ಅಲ್ಲವೇ ಈಗ ತಾನು ಮಾಡಿದ್ದು? ತಮ್ಮದಲ್ಲದ ತಪ್ಪನ್ನು ಜನರ ಮುಂದೆ ಒಬ್ಬರ ತಲೆಗೆ ಕಟ್ಟಿದ್ದು. ಅವನಂತೆ ಆಗುವುದೊಂದನ್ನು ಬಿಟ್ಟು ಬೇರೆ ಯಾವ ಪಾಪಕ್ಕಾದರೂ ಅವಳು ಒಪ್ಪುತ್ತಿದ್ದಳು. ಭಾನುವಾರ ಬೆಳಿಗ್ಗೆ ಗಂಡನಿಗೂ ಹೇಳದೆ ಭಾವನ ಮನೆಗೆ ಹೊರಟಳು.

ವಾರಗಿತ್ತಿ ಬಾಗಿಲು ತೆರೆದು, ಇವಳ ಪಟ್ಟಿ ಕಟ್ಟಿದ ಕೈ ನೋಡಿ, ಬಾ ಎನ್ನದೆ ಸೊಂಟ ಹಿಡಿದುಕೊಂಡು ಒಳಗೆ ಹೋದಳು. ಭಾವ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮರಳಿನ ಜರಡಿಯ ಹರಿದ ತಂತಿ ಹೆಣೆಯುತ್ತಿದ್ದ. ಅದು ಯಾರದೋ ಜರಡಿ. ತಲೆಯೆತ್ತಿ ನೋಡಿ ಮತ್ತೆ ತಂತಿಗೆ ಕೈ ಹಾಕಿದ. ಅವನ ಗಡ್ಡ ಬೆಳೆದಿತ್ತು, ಅಂಗೈಯ ದಡ್ಡು ಮೆತ್ತಗಾಗಿ ಸಿಪ್ಪೆ ಏಳುತ್ತಿತ್ತು. ಅವಳು ಮೊದಲು ನೋಡಿದ್ದು ಅದನ್ನೇ.

"ಭಾವ," ಎಂದಳು. ಒಂಬತ್ತು ವರ್ಷದ ನಂತರ ಆ ಶಬ್ದ ಬಾಯಲ್ಲಿ ಮರಳಿನ ಹಾಗೆ ಕರಕರ ಎಂದಿತು. "ಐದನೇ ಅಟ್ಟಿ ಆವತ್ತು ನಾನು ನೆನೆಸಿರಲಿಲ್ಲ. ನೀವು ನನ್ನ ಚೀಲ ಕೆಳಗಿಟ್ರಿ ಅಂತ ಸಿಟ್ಟಿಗೆ ಬಿಟ್ಟೆ. ನೆಂದ ಇಟ್ಟಿಗೆಯ ಜೋರಿಗೆ ಒಣಗಿದ್ದು ಮೇಲೆ ಹೋಗಿದೆ. ನಿಮ್ಮ ತಪ್ಪಲ್ಲ. ನಾಳೆ ಮೇಸ್ತ್ರಿಗೆ ಹೇಳ್ತೀನಿ."

ಅವನು ತಂತಿಯ ತುದಿಯನ್ನು ಒಳಗೆ ತೂರಿಸಿ ಎಳೆದ.

"ಗೊತ್ತು," ಎಂದ.

"ಏನು ಗೊತ್ತು?"

"ಒಣಗಿತ್ತು ಅಂತ. ಕೈಗೆ ತಗೊಂಡಾಗಲೇ ಗೊತ್ತಾಯ್ತು. ಮೂವತ್ತು ವರ್ಷ ಎತ್ತಿದ ಕೈ ಇದು. ನೆಂದಿದ್ದು ಯಾವುದು, ಒಣಗಿದ್ದು ಯಾವುದು ಅಂತ ಇದಕ್ಕೆ ಗೊತ್ತಾಗಲ್ವಾ?"

ಅವಳಿಗೆ ಗೋಡೆಯ ಮುಂದೆ ತನ್ನ ಕೈ ತಾನಾಗಿ ತಗ್ಗಿದ್ದು ನೆನಪಾಯಿತು. ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅದನ್ನೇ.

"ಗೊತ್ತಿದ್ದೂ ಎಸೆದ್ರಾ?"

"ಗೊತ್ತಿದ್ದೂ ಎಸೆದೆ." ಈಗ ಅವನು ಮುಖ ಎತ್ತಿದ. "ತಗೊಂಡೆ, ಹಗುರ ಇತ್ತು. ಬೇಕಂತಲೇ ಬಿಟ್ಟಿದ್ದಾಳೆ ಅಂತ ಅರ್ಥ ಆಯ್ತು. ಒಂಬತ್ತು ವರ್ಷದಲ್ಲಿ ಒಂದು ಸಲನೂ ಕೆಲಸದಲ್ಲಿ ಹಗೆ ತಂದಿರಲಿಲ್ಲ ನೀನು. ಆವತ್ತು ತಂದುಬಿಟ್ಟೆ. ನೀನು ಕಳಿಸಿದ್ದನ್ನ ನಿನಗೇ ವಾಪಸ್ ಕಳಿಸಿದೆ. ಬೆರಳು ಮುರಿಯುತ್ತೆ ಅಂದುಕೊಂಡಿರಲಿಲ್ಲ. ನೋಯಲಿ ಅಂದುಕೊಂಡಿದ್ದೆ."

"ಹಾಗಿದ್ರೆ ಗಾಳಿ ಅಂತ ಯಾಕೆ ಹೇಳಿದ್ರಿ?"

"ಇನ್ನೇನು ಹೇಳಲಿ? ತಮ್ಮನ ಹೆಂಡತಿ ಮೇಲೆ ಎಸೆದೆ ಅಂತ ಹೇಳಲಾ?"

ಒಳಗೆ ವಾರಗಿತ್ತಿ ಪಾತ್ರೆಯ ಸದ್ದು ನಿಲ್ಲಿಸಿ ಕೇಳುತ್ತಿದ್ದಳು. ಇವಳು ಹಿತ್ತಲ ಕಂಬಕ್ಕೆ ಒರಗಿ ನಿಂತಳು. ಕ್ಷಮೆ ಕೇಳಬೇಕೆಂದು ಎರಡು ದಿನ ಕಟ್ಟಿಕೊಂಡು ಬಂದಿದ್ದ ಮಾತು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಮಾಧಾನವೂ ಬಂತು.

"ಅತ್ತೆ ವಿಷಯ?" ಎಂದು ಕೇಳಿದಳು. "ಅದೂ ಗೊತ್ತಿದ್ದೂ ಎಸೆದಿದ್ದೇನಾ?"

ತಂತಿ ಅವನ ಕೈಯಲ್ಲಿ ನಿಂತಿತ್ತು.

"ಮೇಸ್ತ್ರಿಗೆ ಒಣಗಿತ್ತು ಅಂತ ಹೇಳ್ತೀನಿ," ಎಂದಳು ಅವಳು. "ಅಷ್ಟೇ ಹೇಳ್ತೀನಿ. ಮಿಕ್ಕಿದ್ದು ನಿಮ್ಮ ಹತ್ರ ಇರಲಿ."

"ನಿನ್ನ ದಯೆ ನಂಗೆ ಬೇಡ."

"ದಯೆ ಅಂತ ಯಾರು ಹೇಳಿದ್ರು?"

ಸೋಮವಾರ ಅವಳು ಮೇಸ್ತ್ರಿಗೂ ಪ್ರೊಫೆಸರಿಗೂ ತನ್ನ ಪಾಲಿನ ತಪ್ಪು ಹೇಳಿದಳು, ಅವನ ಪಾಲಿನದರ ಬಗ್ಗೆ ಬಾಯಿ ಬಿಡಲಿಲ್ಲ. ಪ್ರೊಫೆಸರು ಮುಖ ಸಣ್ಣಗೆ ಮಾಡಿಕೊಂಡು, ಆ ಪುಟವನ್ನು ತಿದ್ದಬೇಕು ಎಂದರು. ಮೇಸ್ತ್ರಿ ಅವಳನ್ನು ಅರ್ಧ ಗಂಟೆ ಬೈದ. ನಗುವ ಕೆಳಗೈಯಿಂದ ಬಿಡುಗಡೆ ಸಿಕ್ಕಿದ ಖುಷಿಯಲ್ಲಿ ಮಧ್ಯಾಹ್ನವೇ ಭಾವನಿಗೆ ಹೇಳಿಕಳಿಸಿದ. ಬರುವುದಿಲ್ಲ ಎನ್ನಲು ಭಾವನ ಮನೆಯ ಅಕ್ಕಿಡಬ್ಬಿ ಒಪ್ಪಿರಲಾರದು, ಮಂಗಳವಾರ ಬಂದ. ಅವಳ ಎರಡು ಬೆರಳು ಪಟ್ಟಿ ಬಿಚ್ಚಿದ ಮೇಲೂ ಮಡಚಲು ಬರಲಿಲ್ಲ. ಮೇಲ್ಗೈ ಕೆಲಸ ಅಲ್ಲಿಗೆ ಮುಗಿಯಿತು, ನೀರಿನ ಪೈಪು ಅವಳಿಗೆ ಖಾಯಂ ಆಯಿತು.

ಈಗ ಅವಳು ಇಟ್ಟಿಗೆಗೆ ಸುಮ್ಮನೆ ನೀರು ಹಾಯಿಸುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮಾರನೆಯ ದಿನದ ಇಟ್ಟಿಗೆಯನ್ನು ಒಂದೊಂದಾಗಿ ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದು, ಹೀರಲು ಇನ್ನೊಂದು ಹನಿಗೂ ಜಾಗವಿಲ್ಲದಂತೆ ಮಾಡಿ ಅವನ ಕೈಗೆಟಕುವಂತೆ ಅಟ್ಟಿ ಒಟ್ಟುತ್ತಾಳೆ. ಇಷ್ಟು ಶ್ರದ್ಧೆಯ ಆಳನ್ನು ತಾನು ಕಂಡಿಲ್ಲವೆಂದು ಮೇಸ್ತ್ರಿ ಹೊಗಳುತ್ತಾನೆ. ಒಂದೊಂದೂ ಮೊದಲಿಗಿಂತ ಒಂದು ಹಿಡಿ ಭಾರ, ದಿನಕ್ಕೆ ಸಾವಿರದೈನೂರು. ಭಾವ ಮೊದಲ ಇಟ್ಟಿಗೆ ಎತ್ತಿದಾಗಲೇ ತಿಳಿದ, ಒಮ್ಮೆ ಅವಳತ್ತ ನೋಡಿದ, ತಟ್ಟಿ ಎಸೆದ. ಮೇಲಿನವನ ಕೈಯಲ್ಲಿ ಅದು ಸತ್ತೇ ಮಲಗಿತು. ಆಮೇಲಿನವೂ ಹಾಗೆಯೇ, ಇವತ್ತಿನವರೆಗೂ. ಸಂಜೆ ಹೊತ್ತಿಗೆ ಅವನ ಬಲಭುಜ ಎಡದಕ್ಕಿಂತ ಕೆಳಗೆ ಇಳಿದಿರುತ್ತದೆ, ಚೀಲವನ್ನು ಎಡಗೈಯಲ್ಲಿ ಹಿಡಿದು ಹೋಗುತ್ತಾನೆ. ಭಾರ ಹೆಚ್ಚಾಯಿತೆಂದು ಅವನು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಇಷ್ಟು ತಿಳಿಯುವ ಕೈಗೆ ಆವತ್ತಿನ ಹಗುರ ತಿಳಿಯಲಿಲ್ಲವೇ ಎಂದು ಕೇಳುತ್ತಾರೆ. ಅವನು ದಾರಿ ತಿರುಗುವವರೆಗೆ ನೋಡುತ್ತಿದ್ದು, ಅವಳು ತೊಟ್ಟಿಯ ನಲ್ಲಿ ತಿರುಗಿಸುತ್ತಾಳೆ.